ಕಲ್ಲಿಗೆ ಜ್ವರ

ಕಣ್ಣೂರಿನಿಂದ ಬಂತು, ಮಾಕುಟ್ಟದ ತಿರುವುಗಳಲ್ಲೆಲ್ಲ
ಥರ್ಮಾಕೋಲ್ ಪೆಟ್ಟಿಗೆಯೊಳಗೆ ಕುಲುಕುತ್ತ,
ಹಂಸನ ಬಸ್ಸಿನ ಸೀಟಿನಡಿ, ಮತ್ತಿ ಮೀನಿನ ಬುಟ್ಟಿಯ ಪಕ್ಕ.
ಗೆಳೆಯನ ತೊಟ್ಟಿಯಲ್ಲಿ ಬೆಳೆದ ಹವಳದ ಒಂದು ತುಂಡು:
ಹೆಬ್ಬೆರಳುದ್ದ, ಏಳು ಬಾಯಿ.

ವಿರಾಜಪೇಟೆ ತಲುಪುವಾಗ ಏಳೂ ಮುಚ್ಚಿದ್ದವು.
ಹಸಿರು ಹೋಗಿ ಬೂದಿ, ಬೂದಿಯೊಳಗಿಂದ
ಎಲುಬಿನ ಅಂಚು ಇಣುಕುತ್ತಿತ್ತು,
ಮೈತುಂಬ ಲೋಳೆ.
"ಕಲ್ಲಿಗೂ ಜ್ವರ ಬರುತ್ತದಾ?" ಎಂದರು ಉಮ್ಮ,
ಕನ್ನಡಕ ಏರಿಸಿ.
ಬಂದಿದೆ ಉಮ್ಮಾ. ದೀಪ ಕಡಿಮೆ ಮಾಡಿ.

ನನ್ನ ಕೆಲಸವೇ ಉಪ್ಪು, ನೀರು.
ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಹನ್ನೊಂದು ವರ್ಷ
ಪರರ ರಕ್ತವನ್ನು ತೆಳು ಕೊಳವೆಗಳಲ್ಲಿ ತೊಳೆದು ಮರಳಿಸಿದವನು.
ನನಗೆ ಗೊತ್ತು: ಉಪ್ಪನ್ನು ಓಡಿಸಬಾರದು.
ಅವಸರದಲ್ಲಿ ಸರಿಮಾಡಿದ ನೀರು
ಕೆಟ್ಟ ನೀರಿಗಿಂತ ಕೆಟ್ಟದ್ದು.
ಹಾಗಾಗಿ ಗ್ಲೂಕೋಸ್ ಹಾಕುವ ಕೊಳವೆಯನ್ನೇ ಕಟ್ಟಿ
ಹನಿ, ಹನಿ, ನಡುವೆ ಒಂದು ಉಸಿರು,
ಅದರ ಕಡಲಿಗೆ ನನ್ನ ಕಡಲನ್ನು ಪರಿಚಯಿಸಿದೆ.

(ನನ್ನ ಕಡಲು: ಎರಡಡಿ ಗಾಜು,
ಬಕೆಟ್ಟಿನಲ್ಲಿ ಕಲಸಿದ ಪುಡಿ ಉಪ್ಪು.
ಈ ಜಿಲ್ಲೆ ಸಿಹಿನೀರನ್ನು ಕೆಳಗೆ ಕಳಿಸಿದ್ದೇ ಹೊರತು
ಕಡಲನ್ನು ಎಂದೂ ಘಾಟಿ ಹತ್ತಿಸಿಕೊಂಡದ್ದಿಲ್ಲ.)

ಮೊದಲ ದಿನ ತಳದ ಮರಳಲ್ಲಿ ಇಟ್ಟೆ.
ಎರಡನೆಯ ದಿನ ಪಂಪಿನ ನೇರಕ್ಕಿದೆಯೇನೋ ಎಂದು ಸರಿಸಿದೆ.
ಮೂರನೆಯ ದಿನ ಬೆಳಕು ಸಾಲದೇನೋ ಎಂದು ಮೇಲೇರಿಸಿದೆ,
ಸಂಜೆ ಇಳಿಸಿದೆ.
ನಾಲ್ಕನೆಯ ದಿನ ಪಿಪೆಟ್ಟಿನಲ್ಲಿ ಊಟ ಹಿಡಿದೆ,
ಮುಚ್ಚಿದ ಬಾಯಿಗೆ.
ಐದನೆಯ ದಿನ ಒಂದು ಬಾಯಿ ಪೂರಾ ಬೆಳ್ಳಗೆ, ಖಾಲಿ ಬಟ್ಟಲು.

ಮೂರನೇ ಕುರ್ಚಿಯ ಬೆಳ್ಯಪ್ಪನವರಿಗೆ ಹೇಳಿದೆ,
ಸೂಜಿ ಚುಚ್ಚುವಾಗ ಗಮನ ಬೇರೆಡೆ ಇರಲೆಂದು.
ನಲವತ್ತು ವರ್ಷ ಕಾಫಿ ಸಸಿ ಎಬ್ಬಿಸಿದ ಕೈ ಅದು,
ಈಗ ಅದರೊಳಗೆ ನನ್ನ ಎರಡು ಸೂಜಿ.
"ಚಪ್ಪರದ ಸಸಿಯನ್ನು ಬಿಸಿಲಿಗೆ ತರುವುದು ಹೇಗೆ ಗೊತ್ತಾ ನಿಂಗೆ?
ವಾರಕ್ಕೊಂದು ಹಿಡಿ ಸೊಪ್ಪು ತೆಗೀಬೇಕು ಚಪ್ಪರದಿಂದ.
ಸಸಿಗೆ ಗೊತ್ತೇ ಆಗಬಾರದು.
ಮತ್ತೆ, ಬೇರು ಹಿಡಿಯಿತಾ ಅಂತ ಕಿತ್ತು ನೋಡುವವನಿಗೆ
ನಮ್ಮಲ್ಲಿ ಕೂಲಿ ಕೊಡ್ತಿರಲಿಲ್ಲ."
ಯಂತ್ರ ಒಮ್ಮೆ ಕೂಗಿತು, ಸುಮ್ಮನಾಯಿತು.

ಆ ರಾತ್ರಿ ದೀಪದ ಕೆಳಗೆ ಸೊಳ್ಳೆ ಪರದೆಯ ತುಂಡು, ನಾಲ್ಕು ಪದರ.
ಅಲೆಯ ಪಂಪಿನ ಮುಖ ಗೋಡೆಯ ಕಡೆಗೆ.
ಹೀಟರ್ ಇಪ್ಪತ್ತಾರಕ್ಕೆ; ಹೊರಗೆ ಹದಿಮೂರು.
ಕರೆಂಟು ಹೋದರೆ ಏಳಲೆಂದು ತೊಟ್ಟಿಯ ಪಕ್ಕವೇ ಚಾಪೆ.
ಆವಿಯಾದಷ್ಟೇ ಸಿಹಿನೀರು, ಲೋಟದ ಲೆಕ್ಕದಲ್ಲಿ.
ಉಳಿದಂತೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತೆ.
ಏನೂ ಮಾಡದಿರುವುದು
ಇಷ್ಟು ದೊಡ್ಡ ಕೆಲಸ ಎಂದು ಯಾರೂ ಹೇಳಿರಲಿಲ್ಲ.

ವಾರಕ್ಕೊಂದು ಪದರ ತೆಗೆದೆ.

ಎರಡನೆಯದು ತೆಗೆದ ವಾರ, ನಾನು ಡ್ಯೂಟಿಯಲ್ಲಿದ್ದಾಗ,
ಉಮ್ಮ ಫೋನ್ ಮಾಡಿದರು, ಪಿಸುದನಿಯಲ್ಲಿ,
ಮಗು ಮಲಗಿದ ಮನೆಯಿಂದ ಮಾತಾಡುವಂತೆ:
"ನಿನ್ನ ಕಲ್ಲು ನಾಲಿಗೆ ಚಾಚಿದೆ.
ಎರಡು ಬಾಯಿ. ಅಲ್ಲ, ಮೂರು. ನಾನು ದೀಪ ಹಾಕಲಿಲ್ಲ."

ಇವತ್ತಿಗೆ ಆರು.
ಏಳನೆಯದು ಬೆಳ್ಳಗೇ ಉಳಿದಿದೆ;
ಅದರ ಬಟ್ಟಲಲ್ಲಿ ಒಂದು ಪುಟ್ಟ ಶಂಖದ ಹುಳ ಮನೆ ಮಾಡಿದೆ.
ಬೆಳ್ಯಪ್ಪನವರು ತೂಕದ ಯಂತ್ರ ಹತ್ತುವ ಮುಂಚೆ ಕೇಳುತ್ತಾರೆ:
"ಎಷ್ಟಾಯಿತು?"
"ಆರು."
"ಸಾಕು," ಎನ್ನುತ್ತಾರೆ, ಚಪ್ಪಲಿ ಬಿಟ್ಟು,
"ನಂದು ನೋಡು ಈಗ."