ಸ್ವಲ್ಪ ಬಲಕ್ಕೆ

ಎರಡು ವರ್ಷದಿಂದ ನಮ್ಮ ಮನೆಯ ಸಂಜೆ ಮಾತು ಇದೇ:
ಸ್ವಲ್ಪ ಬಲಕ್ಕೆ. ಒಂದು ಚೂರು ಮೇಲೆ.
ಹಾಂ, ಅಲ್ಲೇ. ಅಲುಗಬೇಡಿ.

ಮಲ್ಪೆಯ ಐಸ್ ಪ್ಲಾಂಟಿನ ಲೆಕ್ಕ ನನ್ನದು.
ಯಾವ ಬೋಟಿಗೆ ಎಷ್ಟು ಬ್ಲಾಕು, ಯಾರದ್ದು ನಗದು, ಯಾರದ್ದು ಕಡ,
ಎಲ್ಲ ಈ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ.
ಸಾಹುಕಾರರು ಹೊಸದು ಕೊಂಡಾಗ ನನಗೆ ದಾಟಿಸಿದ್ದು,
ಆಗಲೇ ಅದಕ್ಕೆ ಆರು ವರ್ಷ.
ಬ್ಯಾಟರಿ ಸತ್ತು ಯಾವ ಕಾಲವಾಯಿತೋ.
ಪಿನ್ನು ಕೂದಲೆಳೆ ಸರಿದರೆ ಸಾಕು, ಪರದೆ ಕಪ್ಪು,
ಇಪ್ಪತ್ತು ಬೋಟಿನ ಬಾಕಿ ಒಟ್ಟಿಗೇ ಮನ್ನಾ.

ಏನೇನೋ ಒತ್ತುಕೊಟ್ಟು ನೋಡಿದೆ.
ಮಡಚಿದ ಬಸ್ ಟಿಕೇಟು, ಬಟ್ಟೆಯ ಕ್ಲಿಪ್ಪು, ಬಲೆಯ ಬೆಂಡಿನ ತುಂಡು.
ಕೊನೆಗೆ ನಿಂತದ್ದು
ಅತ್ತೆಯ ಎರಡು ಬೆರಳು.

ಬುಟ್ಟಿ ಹೊತ್ತು ಕಡಿಯಾಳಿಯ ಗೇಟು ಗೇಟಿನಲ್ಲಿ
ನಲವತ್ತು ವರ್ಷ ಕೂಗಿದ ಅಕ್ಕು ಮರಕಾಲ್ತಿ.
ಬಂಗುಡೆಯ ಕಿವಿರೆತ್ತಿ ತೋರಿಸುತ್ತಿದ್ದ ಬೆರಳು
ವಯರಿನ ಕುತ್ತಿಗೆ ಹಿಡಿದರೆ ಹಿಡಿದದ್ದೇ.
ಬಾಯಿ ಮಾತ್ರ ಖಾಲಿ, ಅದು ಸುಮ್ಮನಿರದು.
"ಯಾರದ್ದು ಈಗ? ಜಲಸಿರಿಯದ್ದಾ?
ಅವನ ಅಜ್ಜನೂ ಹಾಗೇ, ನಾಲ್ಕು ಬೂತಾಯಿಯ ದುಡ್ಡಿಗೆ
ಎರಡು ತಿಂಗಳು ನಡೆಸಿದವ."
ತೂಕಡಿಸಿದರೆ ಪರದೆ ಹೋಯಿತು.
ಇಬ್ಬರೂ ನಗುತ್ತೇವೆ. ತಿಂಗಳ ಕೊನೆಯಲ್ಲಾದರೆ
ಅವರೊಬ್ಬರೇ.

ಜೂನು. ಬೋಟುಗಳು ಬಂದರಿನಲ್ಲಿ ಒಂದಕ್ಕೊಂದು ಕಟ್ಟಿಕೊಂಡವು.
ನನಗೂ ಪುರುಸೊತ್ತು.
ಉಡುಪಿಯ ಅಂಗಡಿಯವ ಹೇಳಿದ್ದ, ಬೋರ್ಡೇ ಹೋಗಿದೆ,
ನಾಲ್ಕೂವರೆ ಸಾವಿರ.
ಬೋಟಿನ ವಯರ್‌ಲೆಸ್ ರಿಪೇರಿ ಮಾಡುವ ಹಮ್ಮಬ್ಬ ಹೇಳಿದರು,
ಸುಳ್ಳು. ಉಪ್ಪುಗಾಳಿಗೆ ಬೆಸುಗೆ ಬಿಟ್ಟಿದೆ, ಅಷ್ಟೆ.
ಕಾಯಿಸುವ ಕಡ್ಡಿ ಕೊಟ್ಟರು, ಒಂದು ಸುರುಳಿ ಸೀಸ ಕೊಟ್ಟರು,
ತಾವು ಬರಲಿಲ್ಲ.
"ಮೀನು ಸೀಳುವವಳಿಗೆ ಇದೇನು ಮಹಾ."

ಹನ್ನೊಂದು ಸ್ಕ್ರೂ.
ಹರಿದಿಟ್ಟ ಮೇ ತಿಂಗಳ ಹಾಳೆಯ ಮೇಲೆ
ಒಂದೊಂದು ತಾರೀಕಿಗೆ ಒಂದೊಂದು.
ಹಳೆ ಎಟಿಎಂ ಕಾರ್ಡು ತೂರಿಸಿ ಅಂಚು ಬಿಡಿಸಿದೆ,
ಟಕ್, ಟಕ್, ಏಡಿಯ ಚಿಪ್ಪು ತೆಗೆದ ಹಾಗೆ.
ಒಳಗೆ ಧೂಳಿನ ಹಾಸಿಗೆ, ಸತ್ತ ಇರುವೆ,
ಒಂದೇ ಒಂದು ಮೀನಿನ ಹುರುಪೆ.
ಅತ್ತೆಯದೋ, ನನ್ನದೋ.
ಜಾಕಿನ ಒಂದು ಕಾಲಿನ ಸುತ್ತ
ಹಸಿರು ಕಿಲುಬು, ಉಗುರಿಗೂ ಸಿಗದ ಬಿರುಕು.
ಇಷ್ಟಕ್ಕೇನಾ ಎರಡು ವರ್ಷ?

ರಾಳದ ಹೊಗೆ ಎದ್ದಿತು.
"ಈ ಹೊತ್ತಿಗೆ ಯಾರು ಧೂಪ ಹಾಕಿದ್ದು?" ಒಳಗಿಂದ ಅತ್ತೆ.
ಮೊದಲ ಸಲ ಸೀಸ ಹಿಡಿಯಲಿಲ್ಲ, ಉಂಡೆಯಾಗಿ ಜಾರಿತು.
ಆಮೇಲೆ ನನ್ನ ಬೆರಳು ಚುರ್ ಎಂದಿತು.
ಆಮೇಲೆ ನೆನಪಾಯಿತು, ಹಮ್ಮಬ್ಬ ಹೇಳಿದ್ದರಲ್ಲ,
ಸೀಸವನ್ನಲ್ಲ, ಕಾಲನ್ನು ಕಾಯಿಸು.
ಉಸಿರು ಕಟ್ಟಿ ಕಾದೆ.
ಒಮ್ಮೆಲೇ ಅದು ನೀರಾಗಿ, ಕಾಲನ್ನು ಬಳಸಿ ಕೂತು,
ಹೊಳೆಯುತ್ತಲೇ ಗಟ್ಟಿಯಾಯಿತು.

ಮುಚ್ಚುವಾಗ ಒಂಬತ್ತನೇ ತಾರೀಕು ಕಾಣಲಿಲ್ಲ. ಇರಲಿ.

ವಯರು ಚುಚ್ಚಿದೆ. ಕಿತ್ತಳೆ ದೀಪ.
ಅಲುಗಿಸಿದೆ, ಎತ್ತಿದೆ, ಮಡಿಲಲ್ಲಿಟ್ಟು ಅತ್ತಿತ್ತ ಹೊರಳಿಸಿದೆ.
ಆರಲಿಲ್ಲ.
ಅಡುಗೆಮನೆಗೆ ಕೇಳುವಂತೆ ಕೂಗುವವಳಿದ್ದೆ,
ಯಾಕೋ ಕೂಗಲಿಲ್ಲ.

ಏಳು ಗಂಟೆಗೆ ಹಳೆ ಬಾಕಿಯ ಪುಟ ತೆರೆದೆ.
ಸ್ಟೂಲು ಎಳೆದ ಸದ್ದು.
ಸೆರಗಿಗೆ ಕೈ ಒರೆಸಿಕೊಂಡು ಕೂತರು ಅತ್ತೆ,
ಎರಡು ಬೆರಳು ಚಾಚಿದರು.
"ಪತ್ತೊಡಾ?"

ಪರದೆ ತನ್ನ ಪಾಡಿಗೆ ಬೆಳಗುತ್ತಿತ್ತು.
ಸ್ವಲ್ಪ ಬಲಕ್ಕೆ, ಎಂದೆ.
ಒಂದು ಚೂರು ಮೇಲೆ.
ಹಾಂ. ಅಲ್ಲೇ.