ಕಪ್ಪು ಬೊಟ್ಟು

ಅರಸೀಕೆರೆ ಸ್ಟೇಷನ್ ರಸ್ತೆ, ಮಹಡಿ ಮೇಲೆ ನನ್ನ ಸ್ಟುಡಿಯೊ.
ನವಿಲಿನ ಪರದೆ ಹೋಗಿ ಜಲಪಾತ ಬಂತು,
ಜಲಪಾತ ಹೋಗಿ ಬಲೂನು.
ಕ್ಯಾಮೆರಾ ನಾಲ್ಕು ಸಲ ಬದಲಾಯಿತು. ಕುರ್ಚಿ ಅದೇ.

ಮಂಡಿಯಲ್ಲಿ ಕೊಬ್ಬರಿ ತೂಗುವ ಉಮಾಪತಿಯ ಮಗಳು ಇಂಚರ,
ಮೊದಲ ಹುಟ್ಟುಹಬ್ಬ.
ಗಿಲಕಿ ಆಡಿಸಿದೆ, ಹುಂಜವಾಗಿ ಕೂಗಿದೆ,
ನಕ್ಕಳು, ಒತ್ತಿದೆ.
ದೃಷ್ಟಿ ತಾಗದಿರಲೆಂದು ಅವರಜ್ಜಿ
ಎಡಗೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಿದ್ದರು,
ಹುರುಳಿಕಾಳಿನಷ್ಟು.

ರಾತ್ರಿ ಕಂಪ್ಯೂಟರಿನಲ್ಲಿ ಹಿಗ್ಗಿಸಿದೆ.
ಒಂದು ಕಣ್ಣು ಕೆಂಪು. ಅದು ಮಾಮೂಲು,
ಫ್ಲ್ಯಾಶಿಗೆ ಎಲ್ಲರದೂ ಕೆಂಪೇ,
ಸ್ವಾಮಿಗಳದ್ದೂ, ಸಾಹುಕಾರರದ್ದೂ.
ಇನ್ನೊಂದು ಬಿಳಿ.
ಎಳನೀರಿನ ಗಂಜಿಯಂಥ ಬಿಳಿ, ಅಂಚಿಗೆ ತುಸು ಹಳದಿ.
ಲೆನ್ಸಿನ ಧೂಳಿರಬೇಕು.
ಬಲೂನಿನ ಹೊಳಪಿರಬೇಕು.
ನಲವತ್ತು ಪ್ರಿಂಟು ಬಾಕಿ, ಕರೆಂಟು ಯಾವಾಗ ಹೋಗುತ್ತದೋ.
ಮೌಸ್ ಹಿಡಿದು
ಕೆಂಪಿಗೊಂದು, ಬಿಳಿಗೊಂದು,
ಇಟ್ಟೆ ನಾನೂ ಕಪ್ಪು ಬೊಟ್ಟು.
ಅಜ್ಜಿ ಇಟ್ಟದ್ದು ಕೆನ್ನೆಗೆ.

ಕಣ್ಣು ಎಷ್ಟು ಚೆನ್ನಾಗಿ ಬಂದಿವೆ ಅಂದರು ಮನೆಯವರೆಲ್ಲ.
ಫ್ರೇಮಿನ ದುಡ್ಡು ಎಣಿಸಿಕೊಂಡೆ.

ಎಂಟು ತಿಂಗಳಾದ ಮೇಲೆ
ತಾಯಿ ಕೋಮಲ ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು.
"ತಿದ್ದದೇ ಇರೋ ಫೋಟೊ ಇದೆಯಾ ಅಣ್ಣ?
ಬಿಳಿ ಯಾವಾಗಿಂದ ಅಂತ ಡಾಕ್ಟರು ಕೇಳ್ತಾರೆ.
ನಾವು ನೋಡಿದ್ದು ಮೊನ್ನೆ ಗೌರಿ ಹಬ್ಬದ ರಾತ್ರಿ,
ಟಾರ್ಚು ಬಿಟ್ಟಾಗ ಬೆಕ್ಕಿನ ಕಣ್ಣಿನ ಹಾಗೆ ಮಿನುಗ್ತು.
ದೇವರ ಕಳೆ ಅಂದ್ರು ಅತ್ತೆ."
ಕಾಯಿಲೆಯ ಹೆಸರು ಚೀಟಿಯಲ್ಲಿ ಬರೆಸಿ ತಂದಿದ್ದಳು,
ಓದಲು ಇಬ್ಬರಿಗೂ ಬಾಯಿ ತಿರುಗಲಿಲ್ಲ.
ಕಣ್ಣಿನೊಳಗಿನ ಪರದೆಗೆ ಕ್ಯಾನ್ಸರಂತೆ,
ಎಳೆ ಮಕ್ಕಳಿಗೇ ಬರುವುದಂತೆ,
ಹದಿನೈದಿಪ್ಪತ್ತು ಸಾವಿರದಲ್ಲಿ ಒಂದಕ್ಕೆ.
ಲೆಕ್ಕ ಹಾಕಿದೆ. ಇಪ್ಪತ್ತೇಳು ವರ್ಷದಲ್ಲಿ
ಅಷ್ಟು ಮಕ್ಕಳು ಈ ಕುರ್ಚಿಯಲ್ಲಿ ಕೂತಿದ್ದಾರು.
ನನ್ನ ಪಾಲಿನ ಆ ಒಂದು ಬಂದಿತ್ತು,
ಬಂದು, ತೋರಿಸಿಯೂ ಹೋಗಿತ್ತು.

ಮೂಲ ಇತ್ತು, ಹಳೆಯ ಡಿಸ್ಕಿನಲ್ಲಿ.
ಇಲ್ಲವೆನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.
ತೆರೆದು ತೋರಿಸಿದೆ.
ನೋಡಿದಳು. ಹುಬ್ಬಳ್ಳಿ ಕಡೆಯ ರೈಲೊಂದು ಬಂದು, ನಿಂತು,
ಹೊರಟು ಹೋಗುವಷ್ಟು ಹೊತ್ತು ನೋಡಿದಳು.
ಬೈಯಲಿಲ್ಲ.
"ಪ್ರಿಂಟಿಗೆ ಎಷ್ಟು ಅಣ್ಣ?" ಅಂದಳು.

ಜೀವ ಉಳಿಯಿತು. ಕಣ್ಣು ತೆಗೆದರು.

ಈಗ ಯಾವ ಮಗು ಬಂದರೂ
ತಿದ್ದುವ ಮುಂಚೆ ಹಿಗ್ಗಿಸಿ ನೋಡುತ್ತೇನೆ.
ಬಾಣಾವರದವರೊಬ್ಬರಿಗೆ ಫೋನು ಮಾಡಿ ಹೇಳಿದ್ದಕ್ಕೆ
ಬಾಯಲ್ಲಿ ಒಳ್ಳೇದು ಬರಲ್ವಾ ಅಂತ ಉಗಿದರು.
ಅವರ ಮಗುವಿಗೆ ಏನೂ ಇರಲಿಲ್ಲ. ಉಗಿಸಿಕೊಂಡದ್ದು
ಅವತ್ತು ಊಟದಷ್ಟೇ ಹಿತವಾಯಿತು.

ಈ ಜೂನಿನಲ್ಲಿ ಇಂಚರ ಬಂದಳು, ಒಂದನೇ ಕ್ಲಾಸು,
ಐಡಿ ಕಾರ್ಡಿನ ಫೋಟೊಕ್ಕೆ.
ಕಾಲು ನೆಲಕ್ಕೆ ಎಟುಕದು, ಬಾಯಿ ಮಾತ್ರ ಊರಗಲ.
"ಮಾಮ, ನಂದೊಂದು ಕಣ್ಣು ಮಾಡಿಸಿದ್ದು,
ಯಾವುದು ಹೇಳಿ ನೋಡೋಣ?"
ಗೊತ್ತಿದ್ದೂ ತಪ್ಪು ಹೇಳಿದೆ.
"ಸೋತ್ರೀ!" ಅಂತ ನಕ್ಕಳು, ಒತ್ತಿದೆ.

ಮಾಡಿಸಿದ ಕಣ್ಣಿನ ಮೇಲೆ ಸಾಸಿವೆಯಷ್ಟು ಬೆಳಕು.
ಇನ್ನೊಂದರ ತುಂಬ ಕೆಂಪು,
ಕುಂಕುಮದಂಥ, ನೆಮ್ಮದಿಯ ಕೆಂಪು.
ಹಾಗೇ ಪ್ರಿಂಟು ಹಾಕಿ ಕೊಟ್ಟೆ.

ಇವತ್ತು ಶಾಲೆಯವರು ವಾಪಸು ಕಳಿಸಿದ್ದಾರೆ,
ಹಿಂದೆ ಪೆನ್ಸಿಲಿನಲ್ಲಿ ಒಕ್ಕಣೆ:
ಒಂದು ಕಣ್ಣು ಕೆಂಪಾಗಿದೆ, ದಯವಿಟ್ಟು ಸರಿಮಾಡಿ ಕೊಡಿ.