ಅರ್ಧ ಇಂಚು

ಬಾಯಲ್ಲಿ ಗುಂಡುಪಿನ್ನು ಇಟ್ಟುಕೊಂಡು
ಹತ್ತೊಂಬತ್ತು ವರ್ಷ.
ಎಡಮೂಲೆಯಲ್ಲಿ ನಾಲ್ಕು, ಬಲದಲ್ಲಿ ಆರು,
ನಡುವೆ ತುಟಿ ಹೊಲಿದ ಹಾಗೆ.
ಚೌಕಿಪೇಟೆಯ ಈ ಎಂಟಡಿ ಅಂಗಡಿಯಲ್ಲಿ
ಯಾರು ಏನೇ ಅಂದರೂ
ನನ್ನ ಉತ್ತರ ಒಂದೇ: ಹ್ಞೂಂ.
ಪಿನ್ನು ಕಚ್ಚಿದವಳು
ಬೇರೇನು ಅಂದಾಳು?

ಕಿವಿ ಕಟ್ಟಿದ್ದು ಗೌರಿಹಬ್ಬದ ಬ್ಲೌಸುಗಳು
ಗುಡ್ಡೆ ಬಿದ್ದಿದ್ದಾಗ. ಬಲಗಿವಿ.
ಒಳಗೆ ಹತ್ತಿ ತುರುಕಿದಂತೆ.
ಅಶೋಕ ಟಾಕೀಸಿನ ಹತ್ತಿರ ರೈಲ್ವೆ ಗೇಟು ಬಿದ್ದಾಗ
ಆಚೆ ಬದಿಯವರ ಬಾಯಿ ಆಡುವುದು ಕಾಣುತ್ತದೆ,
ಮಾತು ಈಚೆ ದಾಟುವುದಿಲ್ಲ,
ಹಾಗೆ.
ಜೊತೆಗೊಂದು ಸಣ್ಣ ಗುಂಯ್,
ಮಷೀನು ನಿಂತ ಮೇಲೂ ತಿರುಗುವ ಗಾಲಿ.

ಕೊಟ್ರವ್ವಕ್ಕ ಬೆಳ್ಳುಳ್ಳಿ ಕಾಯಿಸಿ ಎಣ್ಣೆ ಬಿಟ್ಟಳು.
ಪಕ್ಕದ ಗುಂಡಿ ಅಂಗಡಿಯ ಇಮಾಂಸಾಬರು
"ಗಾಳಿ ಹೊಕ್ಕೈತಿ ತಾಯಿ" ಅಂದರು.
ನಾನು ಕೂದಲ ಪಿನ್ನು ಹಾಕಿ ಕೆದಕಿ
ಎಲ್ಲರ ಕೈಲೂ ಬೈಸಿಕೊಂಡೆ.

ದೊಡ್ಡಾಸ್ಪತ್ರೆಯಲ್ಲಿ ಹುಡುಗಿ ಡಾಕ್ಟರು,
ಇನ್ನೂ ಕಲಿಯುವ ಮುಖ.
ದೀಪ ಹಿಡಿದು ಬಗ್ಗಿ ನೋಡಿ
"ಕನ್ನಡಿ ಹಂಗೈತಿ, ಕಸ ಇಲ್ಲ" ಅಂದಳು.
ಹೋಗಿ ಅನ್ನಲಿಲ್ಲ.
ಎರಡೂ ಕಿವಿಯ ಮುಂದೆ ಬೆರಳಿಟ್ಟು
"ಬಾಯಿ ತೆಗೀರಿ. ಮುಚ್ಚಿರಿ. ಇನ್ನೊಮ್ಮೆ."
ಟಕ್.
ಕೆನ್ನೆ ಒತ್ತಿದಳು. ಕಣ್ಣಲ್ಲಿ ನೀರು.
ಅಳುವಂಥದ್ದೇನೂ ಇರಲಿಲ್ಲ.
"ರಾತ್ರಿ ಹಲ್ಲು ಕಡೀತೀರಾ?"
ರಾತ್ರಿಯದು ನನಗೇನು ಗೊತ್ತು?
ಬಾಗಿಲ ಬಳಿಯಿಂದ ಮಗಳು ನೇತ್ರಾ:
"ಕಡೀತಾಳ. ಜೋಳ ಬೀಸಿದಂಗ."

ಗೋಡೆಯ ಪಟದಲ್ಲಿ ತೋರಿಸಿದಳು:
ಕೆನ್ನೆಯೊಳಗೊಂದು ದಪ್ಪ ಪಟ್ಟಿ,
ಹಣೆಯ ಪಕ್ಕ ಬೀಸಣಿಗೆಯಂಥದು ಇನ್ನೊಂದು,
ದವಡೆಯ ಕೀಲು,
ಅದಕ್ಕೆ ಬೆನ್ನು ಕೊಟ್ಟು ಕಿವಿಯ ಓಣಿ.
ಎರಡು ಮನೆಗೂ ಒಂದೇ ಗೋಡೆ.
ಇಲ್ಲಿ ಬೀಸಿದರೆ
ಅಲ್ಲಿ ನಿದ್ದೆ ಇಲ್ಲ.

ಅವುಡುಗಚ್ಚಿ ಬದುಕು ಎಂದಿದ್ದಳು ಅವ್ವ,
ಮದುವೆಯ ಹಿಂದಿನ ರಾತ್ರಿ,
ನನ್ನ ಕುಪ್ಪಸಕ್ಕೆ ಕೊನೆಯ ಹುಕ್ಕು ಹಚ್ಚುತ್ತ.
ಕಿವಿಮಾತು.
ಕಿವಿಗೇ ಬಂತು.

ಯಾವುದಕ್ಕೆ ಕಚ್ಚಿದ್ದೆ ಎಂದು ಲೆಕ್ಕಕ್ಕೆ ಕೂತರೆ
ದೊಡ್ಡದೇನೂ ಸಿಗುವುದಿಲ್ಲ.
ಅಸ್ತರದ ದುಡ್ಡು ಕೊಡದೆ ಹೋದವಳು.
ಅಳತೆ ಟೇಪಿನಲ್ಲಿ ಚಾರ್ಜರು ಕಟ್ಟಿಡುವ ಗಂಡ.
"ಹೋದ ಸಲದಂಗ ಇಲ್ಲ" ಎಂಬ ಮಾತು,
ದಿನಕ್ಕೆ ಮೂರು ಸಲ.
ಸೂಜಿಯೂ ಸಣ್ಣದೇ,
ಹೊಲಿಯುವುದು ಅದೇ ತಾನೆ.

ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ,
ನಾಲಿಗೆ ಅಂಗುಳಕ್ಕೆ ಒರಗಿರಲಿ,
ಬಿಸಿನೀರ ಬಟ್ಟೆಯ ಶಾಖ,
ಗಟ್ಟಿ ಚಕ್ಕುಲಿ ಬೇಡ.
"ಮಂಡಕ್ಕಿ?"
"ತಿನ್ರಿ. ಮಿರ್ಚಿ ಮುರಕೊಂಡು ತಿನ್ರಿ,
ಬಾಯಿ ಪೂರ್ತಿ ತೆಗೀಬ್ಯಾಡ್ರಿ."
ನನಗೆ ಅರ್ಥವಾದದ್ದು ನನ್ನ ಕಸುಬಿನಲ್ಲಿ:
ಬೆಳೆಯುವ ಹುಡುಗಿಯರ ಬ್ಲೌಸಿಗೆ ಪಕ್ಕದಲ್ಲಿ
ಅರ್ಧ ಇಂಚು ಒಳಗೆ ಮಡಚಿ ಬಿಡುತ್ತೇವಲ್ಲ,
ಮುಂದೆ ಬಿಚ್ಚಿಕೊಳ್ಳಲಿ ಎಂದು,
ಮುಖಕ್ಕೂ ಬಿಡಬೇಕಿತ್ತು.

ಪಿನ್ನುಗಳಿಗೀಗ ಮಣಿಕಟ್ಟಿನ ಮೇಲೊಂದು ದಿಂಬು.
ಹಳೇ ಮಖಮಲ್ಲು, ಒಳಗೆ ಹತ್ತಿ.
ಕಿವೀದೇ ಹತ್ತಿ ಅಂತ ನೇತ್ರಾಳ ಕುಚೋದ್ಯ.
ಪೂರ್ತಿ ಹೋಗಿಲ್ಲ.
ಸೂಜಿಗೆ ದಾರ ಪೋಣಿಸುವಾಗ
ಮೇಲಿನ ಹಲ್ಲು ಕೆಳಗಿನದನ್ನು
ಹುಡುಕಿಕೊಂಡು ಹೋಗುತ್ತದೆ,
ಹಳೆಯ ಗಿರಾಕಿ.

ಮೊನ್ನೆ ಮಂಗಳವಾರ ಕರೆಂಟು ಹೋಗಿತ್ತು.
ಸುಮ್ಮನೆ ಕೂತಿದ್ದೆ, ಕೈ ಮಡಿಲಲ್ಲಿ, ದವಡೆ ಇಳಿಬಿಟ್ಟು.
ಗೇಟು ಎದ್ದಿತು.
ಮೆಟ್ಟಿಲಿಳಿಯುತ್ತಿದ್ದ ಇಬ್ಬರಲ್ಲಿ ಒಬ್ಬಳು,
ನನ್ನ ಕೈಯ ಬಟ್ಟೆ ಕಂಕುಳಲ್ಲಿಟ್ಟವಳು,
ಇನ್ನೊಬ್ಬಳ ಹತ್ತಿರ, ಪಿಸುಮಾತಲ್ಲಿ:
"ಕೈಕೆಲಸ ಚೆನ್ನಾಗೈತಿ ಕಣೆ.
ತೋಳು ಮಾತ್ರ ಬಿಗಿ ಹಿಡೀತಾಳೆ."

"ಏ ತಂಗೀ, ತಾ ಇಲ್ಲಿ. ಬಿಚ್ಚಿ ಕೊಡ್ತೀನಿ."
ಪಿನ್ನಿಲ್ಲದ ನನ್ನ ದನಿ ಇಷ್ಟು ದಪ್ಪವೇ?
ಅವಳೂ ಬೆಚ್ಚಿದಳು,
ನಾನೂ.